ಬುತ್ತಿಯಿಲ್ಲದೆ ಹೋದ ಸೀತಾಳೆ

ಲೋಕ ಇನ್ನೂ ಹೊಸದಾಗಿದ್ದಾಗ ಒಂದು ಬೆಳಿಗ್ಗೆ ಕಾಡುಹಂದಿ ಬಂದು ಸೀತಾಳೆಯ ಬಳಗವನ್ನೆಲ್ಲ ಗೆಡ್ಡೆಸಮೇತ ಅಗೆದು ತಿಂದಿತು. ಆಗ ಸೀತಾಳೆ ಹೂಗಿಡ ನೆಲದಲ್ಲಿ ಬೆಳೆಯುತ್ತಿತ್ತು, ಈಗಿನಂತೆ ಮರದ ಮೇಲಲ್ಲ.

ಉಳಿದದ್ದು ಒಂದೇ ತಾಯಿಗಿಡ. ಅದರಲ್ಲೊಂದು ಕಾಯಿ.

"ಹೊಟ್ಟೆ ತುಂಬಿತು. ನಿನ್ನನ್ನು ತಿನ್ನೋಕೆ ನಾಳೆ ಬರ್ತೀನಿ," ಎಂದು ಹಂದಿ ಹೋಯಿತು.

ತಾಯಿ ಗಾಳಿಯನ್ನು ಕರೆಯಿತು. "ಅಣ್ಣಾ, ನನ್ನ ಮಕ್ಕಳನ್ನು ಮೇಲೆ ಎಲ್ಲಾದರೂ ಬಿಡು. ಹಂದಿಯ ಮೂತಿ ಎಟುಕದ ಕಡೆ."

ಗಾಳಿ ಕಾಯಿಯನ್ನು ಅಲ್ಲಾಡಿಸಿ ನೋಡಿತು. "ಭಾರ. ಒಳಗೇನಿದೆ?"

"ಬುತ್ತಿ."

ಎಲ್ಲ ಗಿಡಗಳೂ ಬೀಜ ಕಳಿಸುವಾಗ ಬುತ್ತಿ ಕಟ್ಟುತ್ತಿದ್ದವು. ಹಲಸು ಕಟ್ಟುತ್ತಿತ್ತು. ಅವರೆ ಕಟ್ಟುತ್ತಿತ್ತು. ಎರಡು ಎಲೆ ಬಿಡುವವರೆಗೆ ಮಗು ಉಣ್ಣುವುದು ಅದನ್ನೇ.

"ಹೊರೆ ಹೊರೋಕೆ ನಾನೇನು ಎತ್ತಾ, ತಂಗಿ?" ಎಂದಿತು ಗಾಳಿ. "ಬುತ್ತಿ ತೆಗೆ. ಆಗದಿದ್ದರೆ ಮಕ್ಕಳನ್ನು ಇಲ್ಲೇ ಇಟ್ಟುಕೋ."

ಪಕ್ಕದ ಹಲಸು ಬೈಯಿತು. "ಬುತ್ತಿ ಇಲ್ಲದೆ ಮಕ್ಕಳನ್ನು ದಾರಿಗೆ ಹಾಕ್ತಾರೇನೆ? ನೀನೂ ಒಬ್ಬಳು ತಾಯಿ!"

ತಾಯಿ ಕಾಯಿಯನ್ನು ಹತ್ತಿರಕ್ಕೆ ಬಗ್ಗಿಸಿಕೊಂಡಿತು. ಒಂದೊಂದೇ ಬೀಜದ ಬುತ್ತಿ ಬಿಚ್ಚಿತು. ಸಂಜೆಯವರೆಗೂ ಬಿಚ್ಚಿತು. ಬೀಜಗಳು ಧೂಳಿನಷ್ಟಾದವು. ಕಾಯಿ ಒಡೆಯಿತು. ಗಾಳಿ ಎತ್ತಿಕೊಂಡು ಹೋಯಿತು.

ಸಾವಿರಾರು ಬೀಜ ಹೋದವು. ಕೆಲವು ಹೊಳೆಗೆ ಬಿದ್ದವು. ಬಂಡೆಯ ಮೇಲೆ ಬಿದ್ದ ಬೀಜಗಳು ಹಸಿದು ಸತ್ತವು. ಒಂದು ಮಾತ್ರ ಮತ್ತಿಮರದ ಕೊಂಬೆಯ ಸಂದಿಯಲ್ಲಿ ಕೂತಿತು.

"ಯಾರದು?" ಎಂದಿತು ಮತ್ತಿ. "ಬದನಿಕೆಯೋ? ನನ್ನ ರಸ ಹೀರೋಕೆ ಬಂದೆಯಾ?"

"ಅಲ್ಲ ಅಜ್ಜ. ಕೂರೋಕೆ ಜಾಗ ಸಾಕು."

"ಊಟ?"

"ತಂದಿಲ್ಲ."

ಮತ್ತಿ ಜಾಗ ಕೊಟ್ಟಿತು. ಬೀಜ ಮೂರು ದಿನ ಹಾಗೇ ಹಸಿದು ಕೂತಿತು.

ತೊಗಟೆಯ ಬಿರುಕಿನಲ್ಲಿ ಬೂಷ್ಟು ಇತ್ತು. ಅದನ್ನು ಯಾರೂ ಮಾತಾಡಿಸುತ್ತಿರಲಿಲ್ಲ.

"ನನ್ನದು ಕೊಳೆತ ಎಲೆಯ ಊಟ ಕಣೇ," ಎಂದಿತು ಬೂಷ್ಟು. "ಆಗುತ್ತಾ?"

"ಆಗುತ್ತೆ, ಚಿಕ್ಕಮ್ಮ."

ಬೂಷ್ಟು ಉಣಿಸಿತು. ಮಗು ಬದುಕಿತು. ಹೂ ಬಿಡಲು ಏಳು ಮಳೆಗಾಲ ಹಿಡಿಯಿತು. ಅಷ್ಟು ವರ್ಷ ಆ ಕೊಂಬೆಯ ಮೇಲೆ ಅದರ ಜಾತಿಯ ಇನ್ನೊಂದು ಗಿಡ ಬರಲಿಲ್ಲ.

ಮೊದಲ ಹೂ ಅರಳಿದ ದಿನ ಗಾಳಿ ಆ ದಾರಿಯಲ್ಲಿ ಬಂತು.

"ಮಾವ, ನಾನು ಬದುಕಿದ್ದೀನಿ ಅಂತ ಅವ್ವನಿಗೆ ಹೇಳು."

ಗಾಳಿ ನಿಂತಿತು. "ಕೇಳೋಕೆ ಅವಳಿಲ್ಲ, ಮಗಳೇ. ಹಂದಿ ಮಾರನೆಯ ದಿನವೇ ಬಂದಿತ್ತು."

"ಅವ್ವ ಇದ್ದದ್ದು ಎಲ್ಲಿ?"

"ಕೆಳಗೆ. ಈ ಮರದ ಬುಡದಿಂದ ನಾಲ್ಕು ಹೆಜ್ಜೆ."

ಸೀತಾಳೆ ಒಂದು ಬೇರನ್ನು ಕೊಂಬೆಯಿಂದ ಕೆಳಕ್ಕೆ ಇಳಿಬಿಟ್ಟಿತು. ಮರುವರ್ಷ ಇನ್ನೊಂದನ್ನು ಬಿಟ್ಟಿತು.

ಇವತ್ತಿಗೂ ಸೀತಾಳೆಯ ಬಿಳಿ ಬೇರುಗಳು ಮರದಿಂದ ಗಾಳಿಯಲ್ಲಿ ಜೋತಾಡುತ್ತವೆ. ನೆಲ ಮುಟ್ಟುವುದಿಲ್ಲ.