ಎಡಗೈಯ ಗವಸು

ಜರ್ಮನಿಯ ಒಂದು ಪುಟ್ಟ ಸಂಸ್ಥಾನದ ದೊರೆಗೆ ಎರಡು ಮದುವೆ. ಮೊದಲನೆಯವಳು ರಾಜಕುಮಾರಿ, ಅವನ ಬಲಗೈ ಹಿಡಿದು ರಾಣಿಯಾದಳು. ಅವಳು ತೀರಿಕೊಂಡ ಮೇಲೆ ಬಂದ ಲೀಸ್ಬೆಟ್ ಗಡಿಯಾರ ರಿಪೇರಿಯವನ ಮಗಳು. ಕುಲ ಕಡಿಮೆಯಾದ ಹೆಣ್ಣನ್ನು ದೊರೆ ಎಡಗೈ ಕೊಟ್ಟು ವರಿಸಬೇಕೆಂಬುದು ಅಲ್ಲಿನ ಕಟ್ಟಳೆ. ಅವಳು ಹೆಂಡತಿ ಹೌದು, ರಾಣಿಯಲ್ಲ. ಎಡಗೈಯೂ ಅದೇ ದೊರೆಯದಲ್ಲವೇ ಎಂದು ಯಾರೂ ಕೇಳಲಿಲ್ಲ.

ದೊರೆಯ ಚರ್ಮದ ಕೈಗವಸುಗಳ ನಡುವೆಯೂ ಇದೇ ತಕರಾರು.

"ನನ್ನನ್ನು ನೋಡೇ, ಒಂದು ಸುಕ್ಕಿಲ್ಲ," ಎಂದು ಬಲಗವಸು ಬೀಗಿತು. "ನೀನೋ, ಅಂಗೈ ಸವೆದು ತೂತು ಬೀಳೋ ಹಾಗಿದ್ದೀ."

"ಲೀಸ್ಬೆಟ್ ದಿನಾ ತೋಟದಲ್ಲಿ ನನ್ನನ್ನೇ ಹಿಡ್ಕೊಂಡು ನಡೀತಾಳಲ್ಲ ಅಕ್ಕಾ, ಸವೆಯದೆ ಇರ್ತೀನಾ?"

"ಇರಲಿ, ಇರಲಿ. ದೊರೆ ಸತ್ತ ದಿನ ಗೊತ್ತಾಗತ್ತೆ, ಯಾರು ಅವನ ಜೊತೆ ಹೋಗ್ತಾರೆ, ಯಾರು ಕಸಕ್ಕೆ ಹೋಗ್ತಾರೆ ಅಂತ."

ಆ ದಿನವೂ ಬಂತು. ಶವಪೆಟ್ಟಿಗೆಯಲ್ಲಿ ರಾಜದಂಡ ಹಿಡಿಯುವ ಕೈಗೆಂದು ಅರಮನೆಯ ಪಾರುಪತ್ಯಗಾರ ಬಲಗವಸನ್ನು ಎತ್ತಿಕೊಂಡ, ಸವೆದದ್ದನ್ನು ಬಾಗಿಲ ಕಡೆ ಬಿಸಾಕಿದ. ಶವದ ಹತ್ತಿರ ಬರಲು ಅಪ್ಪಣೆಯಿಲ್ಲದೆ ಬಾಗಿಲಲ್ಲೇ ನಿಂತಿದ್ದ ಲೀಸ್ಬೆಟ್ ಅದನ್ನು ಹೆಕ್ಕಿ ತನ್ನ ಎಡಗೈಗೆ ತೊಟ್ಟಳು.

"ಗೆದ್ದೆ ಕಣೇ!" ಎಂದು ಕೂಗಿದ ಬಲಗವಸು, ದೊರೆಯ ತಣ್ಣನೆಯ ಬೆರಳುಗಳ ಮೇಲೆ ಏರಿತು. ಮುಚ್ಚಳ ಬೀಳುವ ಮುಂಚೆ ಮೆಲ್ಲಗೆ ಕೇಳಿತು: "ತಂಗೀ, ನಿನ್ನೊಳಗಿನ ಕೈ ಬೆಚ್ಚಗಿದೆಯೇನೇ?"

"ನನಗೆ ಸ್ವಲ್ಪ ಚಿಕ್ಕದು ಅಕ್ಕಾ," ಎಂದಿತು ಎಡಗವಸು. "ಆದರೆ ಬೆಚ್ಚಗಿದೆ."