ಬಾಗಿಲಿಗೆ ಅಡ್ಡ ನಿಂತ ಹುಲಿಗೆಮ್ಮ

ಬಹಳ ಹಿಂದೆ, ಈಗಿರುವ ಯಾರ ಅಜ್ಜನೂ ಹುಟ್ಟಿರದ ಕಾಲದಲ್ಲಿ, ಬಯಲುಸೀಮೆಯಲ್ಲೊಂದು ಊರಿತ್ತು. ಊರಿನ ಮನೆಗಳಿಗೆಲ್ಲ ಹುಲ್ಲಿನ ಮಾಡು. ಒಂದರ ಸೂರು ಇನ್ನೊಂದರ ಸೂರಿಗೆ ತಾಗುತ್ತಿತ್ತು. ಬೇಸಿಗೆಯಲ್ಲಿ ಎಲ್ಲಾದರೂ ಬೆಂಕಿ ಬಿದ್ದರೆ, ಜನ ಕೊಡ ಹಿಡಿದು ತಮ್ಮ ತಮ್ಮ ಮಾಡಿಗೇ ನೀರು ಸುರಿದುಕೊಳ್ಳುತ್ತಿದ್ದರಂತೆ. ಹೊತ್ತಿದ ಮನೆಯ ಕಡೆ ಒಬ್ಬರೂ ಹೋಗುತ್ತಿರಲಿಲ್ಲವಂತೆ. ಹೀಗೆ ಒಂದು ವರ್ಷ ಒಂದು ಕೇರಿಯೇ ಬೂದಿಯಾಯಿತು. ಹಗ್ಗ ಹೊಸೆಯುವ ಹುಲಿಗೆಮ್ಮನ ಗಂಡ ಅದರಲ್ಲಿ ಸತ್ತ. ಅವಳಿಗೆ ಉಳಿದವನು ಮಗ ಸಣ್ಣೆಪ್ಪ ಒಬ್ಬನೇ.

ಆಮೇಲೆ ಹುಲಿಗೆಮ್ಮ ಊರಿನ ಹರೆಯದವರನ್ನು ಕರೆದಳು. ಉದ್ದನೆಯ ಗಳಕ್ಕೆ ಕೊಕ್ಕೆ ಕಟ್ಟಿ, ಉರಿಯುವ ಮನೆಯ ಪಕ್ಕದ ಮಾಡನ್ನು ಎಳೆದು ಕೆಡವುವುದನ್ನು ಕಲಿಸಿದಳು. ಬೆಂಕಿಗೆ ಮುಂದೆ ತಿನ್ನಲು ಹುಲ್ಲು ಸಿಗಬಾರದು ಅಂದಳು. ಸೊಂಟಕ್ಕೆ ಹಗ್ಗ ಬಿಗಿದು, ಹೊಗೆಯಲ್ಲಿ ನೆಲಕ್ಕೆ ಮೂಗು ತಾಗಿಸಿ ತೆವಳುವುದನ್ನು ಕಲಿಸಿದಳು. ಎಲ್ಲಕ್ಕಿಂತ ಹೆಚ್ಚಾಗಿ ಒಂದು ಮಾತು ಕಲಿಸಿದಳು: ಮಾಡನ್ನು ಹೊತ್ತ ನಡುತೊಲೆ ಮುರಿದ ಸದ್ದು ಕೇಳಿದ ಮೇಲೆ ಯಾರೂ ಒಳಗೆ ಹೋಗಕೂಡದು. ಒಳಗೆ ಯಾರೇ ಇರಲಿ.

ಬಾವಿಯ ಬಳಿ ಹೆಂಗಸರು ನಕ್ಕರಂತೆ. "ಮನಿ ಕಟ್ಟೋದು ಕಲಿಸೋರನ್ನ ಕಂಡೀವಿ, ಕೆಡವೋದು ಕಲಿಸಾಕಿ ನೀ ಒಬ್ಬಾಕಿನ ನೋಡವಾ."

"ನಿಮ್ಮ ಅತ್ತಿ ಮನಿ ಕೆಡವೋ ದಿನ ನಿಮ್ಮನ್ನೂ ಕರೀತೀನಿ, ಬರ್ರಿ" ಅಂದಳಂತೆ ಹುಲಿಗೆಮ್ಮ.

ಒಂದು ಮಧ್ಯಾಹ್ನ ಗಾಳಿಯೆದ್ದಿತು. ಕಣ್ಣಿಲ್ಲದ ಬೆಟ್ಟಪ್ಪಜ್ಜನ ಮನೆ ಹೊತ್ತಿಕೊಂಡಿತು. ಸಣ್ಣೆಪ್ಪ ಹಗ್ಗ ಬಿಗಿದುಕೊಂಡು ಒಳಗೆ ತೆವಳಿದ. ಮುದುಕನನ್ನು ಹೊಸ್ತಿಲಿನಾಚೆ ನೂಕಿದ. ಅಷ್ಟರಲ್ಲಿ ನಡುತೊಲೆ ಮುರಿಯಿತು. ಹಗ್ಗ ಎಳೆದರೆ ಸುಟ್ಟ ತುದಿ ಮಾತ್ರ ಬಂತು. ಒಳಗಿನಿಂದ "ಯವ್ವಾ" ಎಂಬ ಕೂಗು ಕೇಳುತ್ತಿತ್ತು.

ಹುಡುಗರು ನುಗ್ಗಿದರು. ಹುಲಿಗೆಮ್ಮ ಗಳವನ್ನು ಅಡ್ಡ ಹಿಡಿದು ಬಾಗಿಲಲ್ಲಿ ನಿಂತಳು.

ಸಣ್ಣೆಪ್ಪನ ಗೆಳೆಯ ಮಾರೆಪ್ಪ ಅವಳನ್ನು ತಳ್ಳಿದ. "ಬಿಡಬೇ ಅತ್ತಿ, ನಿನ್ನ ಮಗ ಅದಾನ ಒಳಗ!"

"ನೀನೂ ಒಬ್ಬಾಕಿ ಮಗನ. ಹಿಂದಕ್ಕ ಸರಿ. ಬಾಜೂ ಮನಿ ಮಾಡು ಎಳೀರಿ."

ಅವರು ಅಳುತ್ತ ಎಳೆದರು. ಬೆಂಕಿ ಅಲ್ಲಿಗೇ ನಿಂತಿತು, ಕೇರಿ ಉಳಿಯಿತು. ಕೂಗು ನಿಲ್ಲುವವರೆಗೂ ಅವಳು ಕದಲಲಿಲ್ಲ ಎನ್ನುತ್ತಾರೆ. ಅವಳ ನೆರಳು ಎದುರು ಮನೆಯ ಗೋಡೆಯ ಮೇಲೆ ಉಳಿದಿತ್ತು ಎನ್ನುವವರೂ ಇದ್ದಾರೆ. ಕಂಡವರು ಯಾರೂ ಇಲ್ಲ. ಕಲ್ಲೆದೆಯವಳೆಂದು ಹೆಂಗಸರು ಅವಳ ಜೊತೆ ನೀರು ಸೇದುವುದನ್ನು ಬಿಟ್ಟರಂತೆ. ಮರುಬೇಸಿಗೆ ಅವಳು ಮತ್ತೆ ಕರೆದಾಗ, ಅದೇ ಹೆಂಗಸರು ತಮ್ಮ ಮಕ್ಕಳ ಕೈ ಹಿಡಿದು ತಂದು ಬಿಟ್ಟರಂತೆ.

ಈಗ ಆ ಊರಲ್ಲಿ ಹುಲ್ಲಿನ ಮಾಡುಗಳಿಲ್ಲ. ಆದರೂ ಪ್ರತಿ ಬೇಸಿಗೆ ಹರೆಯದವರು ಈ ಕೆಲಸ ಕಲಿಯುತ್ತಾರೆ. ಕೊನೆಯ ದಿನ ಒಬ್ಬರು ಖಾಲಿ ಮನೆಯೊಳಗೆ ಮಲಗಿ ಗಂಟಲು ಹರಿಯುವಂತೆ ಕೂಗಬೇಕು. ಬಾಗಿಲಿಗೆ ಅಡ್ಡ ನಿಲ್ಲುವವರು ಅವರ ಒಡಹುಟ್ಟಿದವರೋ ಹೆತ್ತವರೋ ಆಗಿರಬೇಕು. ಕದಲಿದವರನ್ನು ಯಾರೂ ಬಯ್ಯುವುದಿಲ್ಲ. ಮುಂದಿನ ಬೇಸಿಗೆಗೆ ಬಾ ಎಂದು ಹೇಳಿ, ನೀರು ಕುಡಿಸಿ, ಮನೆಗೆ ಕಳಿಸುತ್ತಾರೆ.