ಮುಂದಿನ ಹಲಗೆ

"ಕೇಳ್ರಪ್ಪೋ ಕೇಳಿ! ನಡುಗಡ್ಡೆಯ ಮಲ್ಲರಸ ಮಹಾರಾಜರು ಮೂರು ಒಗಟು ಇಟ್ಟಿದ್ದಾರೆ. ಅಮೆರಿಕ ದೇಶ ನಮ್ಮ ಕಾಲದಲ್ಲಿ ಹೊರಳಿದ ಮೂರು ತಿರುವಿನ ಮೇಲೆ ಮೂರು ಒಗಟು. ಬಿಡಿಸಿದವರಿಗೆ ಸಿಂಹಾಸನ. ತಪ್ಪಿದವರ ತಲೆ ಅಮಾವಾಸ್ಯೆಗೆ ಹೋಗುತ್ತದೆ!"

ಡಂಗುರ ಕೇಳಿ ಜನ ನಕ್ಕರು. ನಮ್ಮ ರಾಜನಿಗೆ ಅಮೆರಿಕದ ಗೊಡವೆ ಯಾಕಂತೆ? ವಯಸ್ಸಿನಲ್ಲಿ ಅಲ್ಲಿ ಓದಿ ಬಂದವನು, ತಲೆಗೆ ಹತ್ತಿದ್ದು ಇನ್ನೂ ಇಳಿದಿಲ್ಲ ಎಂದು ಆಡಿಕೊಂಡರು. ಮಕ್ಕಳಿಲ್ಲದ ಆ ಮುದುಕ ಸಿಂಹಾಸನದ ಅಂಚಿನಲ್ಲಷ್ಟೇ ಕೂರುತ್ತಾನೆ ಎಂಬುದನ್ನು ಯಾರೂ ಗಮನಿಸಿರಲಿಲ್ಲ.

ಅರಮನೆ ಇದ್ದದ್ದು ಹೊಳೆಯ ನಡುವೆ. ದಾಟಿಸುವವನು ಅಂಬಿಗರ ಮುದ್ದ. ಅವನ ದೋಣಿಯಲ್ಲಿ ಅಜ್ಜನ ಕಾಲದಿಂದ ಒಂದು ಕಟ್ಟಳೆ: ಮುಂದಿನ ಹಲಗೆ ದೊಡ್ಡವರದು. ಅವರು ಹತ್ತಿದರೆ ಅಲ್ಲಿ ಕೂತವರು ಎದ್ದು ಹಿಂದಕ್ಕೆ ಹೋಗಬೇಕು. ಮೊದಲನೆಯ ರಾಜಕುಮಾರ ಬಂದ ದಿನ ಆ ಹಲಗೆಯ ಮೇಲೆ ಮಡಕೆ ಮಾರುವ ಸಂಕವ್ವ ಕೂತಿದ್ದಳು.

"ಏಳವ್ವ, ದೊಡ್ಡೋರು ಬಂದ್ರು," ಎಂದ ಮುದ್ದ.

ಹಿಂದೆ ಜಾಗವಿರಲಿಲ್ಲ. ಆ ಮುದುಕಿ ಮಡಕೆಯ ಬುಟ್ಟಿ ಹೊತ್ತು ಹೊಳೆ ದಾಟುವವರೆಗೂ ಓಲಾಡುತ್ತ ನಿಂತಳು. ಮುದ್ದ ಅವಳ ಕಡೆ ನೋಡಲಿಲ್ಲ. ನೋಡಿದ್ದರೆ ಹುಟ್ಟು ಹಾಕಲು ಆಗುತ್ತಿರಲಿಲ್ಲ.

ಸಭೆಯಲ್ಲಿ ರಾಜ ಮೊದಲ ಒಗಟು ಕೇಳಿದ. "ಒಂದು ಬೆಳಗ್ಗೆ ಒಂದೂರಿನ ಮೇಲೆ ಇಬ್ಬರು ಸೂರ್ಯರು. ಒಬ್ಬ ಎಂದಿನಂತೆ ಸಂಜೆಗೆ ಮುಳುಗಿದ. ಇನ್ನೊಬ್ಬ ಇದ್ದದ್ದು ರೆಪ್ಪೆ ಬಡಿಯುವಷ್ಟು ಹೊತ್ತು. ಆದರೆ ಮನುಷ್ಯ ಹೋಗಿ ಅವನ ನೆರಳು ಕಲ್ಲಿನ ಮೇಲೆ ಉಳಿಯಿತು. ಏನದು?"

"ಒಬ್ಬ ಆಕಾಶದ ಸೂರ್ಯ, ಇನ್ನೊಬ್ಬ ತಾವೇ ಮಹಾಪ್ರಭು!" ಎಂದ ರಾಜಕುಮಾರ. ಅವನನ್ನು ನೇರ ಸೆರೆಮನೆಗೆ ಒಯ್ದರು.

ಎರಡನೆಯವನು ಓದಿಕೊಂಡವನು. ಅದು ಅಣುಬಾಂಬು ಎಂದು ಥಟ್ಟನೆ ಹೇಳಿದ. ರಾಜ ಎರಡನೆಯದನ್ನು ಕೇಳಿದ. "ಒಂದೇ ಮನೆಯ ಅಣ್ಣತಮ್ಮ. ಅಣ್ಣನ ಹೆಜ್ಜೆ ಗಾಳಿಯೇ ಇಲ್ಲದ ಕಡೆ ಬಿತ್ತು, ಇನ್ನೂ ಅಳಿಸಿಲ್ಲ. ತಮ್ಮನ ಹೆಜ್ಜೆ ಕೆಸರಿನಲ್ಲಿ ಹೂತಿತು, ಎತ್ತಲಾಗಲಿಲ್ಲ. ಯಾರವರು?"

"ಅಣ್ಣ ಚಂದ್ರನ ಮೇಲೆ ನಡೆದವನು. ತಮ್ಮ... ತಮ್ಮ ಯಾರೋ ಸೋಮಾರಿ ಇರಬೇಕು." ಅವನೂ ಸೆರೆಮನೆ ಸೇರಿದ.

ಒಗಟುಗಳ ಸಮೇತ ಸುದ್ದಿ ಕೇಳಿದ ಮುದ್ದ ಉಣ್ಣುವುದು ಬಿಟ್ಟು ಎದ್ದ. ಇಬ್ಬರನ್ನೂ ಸಾವಿನ ಬಾಗಿಲಿಗೆ ದಾಟಿಸಿದವನು ತಾನೇ. ಅದಕ್ಕಾಗಿ ಒಬ್ಬ ಮುದುಕಿಯನ್ನು ಎಬ್ಬಿಸಿದವನೂ ತಾನೇ. ಮೂರನೆಯ ರಾಜಕುಮಾರ ದಡಕ್ಕೆ ಬಂದಾಗ "ಇವತ್ತು ದೋಣಿ ಇಲ್ಲ ಬುದ್ಧಿ" ಎಂದು ಹೇಳಿ, ಒಬ್ಬನೇ ದೋಣಿ ನಡೆಸಿಕೊಂಡು ಅರಮನೆಗೆ ಹೋದ. ಒದ್ದೆ ಕಾಲಿನ ಅಂಬಿಗನನ್ನು ಕಂಡು ಸಭೆ ನಕ್ಕಿತು. ತಲೆ ಕಡಿಯಲು ನಿಂತಿದ್ದ ಕೊಡಲಿಯವನು ಮಾತ್ರ ನಗಲಿಲ್ಲ.

"ಮೊದಲನೇದು ಜಪಾನಿನ ಊರ ಮೇಲೆ ಅಮೆರಿಕದೋರು ಹಾಕಿದ ಬಾಂಬು, ಬುದ್ಧಿ. ಮೆಟ್ಟಿಲ ಮೇಲೆ ಕೂತಿದ್ದೋರು ಸುಟ್ಟು ಹೋಗಿ ನೆರಳೊಂದೇ ಉಳೀತಂತೆ. ಎರಡನೇದ್ರಲ್ಲಿ ತಮ್ಮ ಸೋಮಾರಿ ಅಲ್ಲ. ಅಣ್ಣ ಚಂದ್ರನ ಮೇಲಿದ್ದ ಕಾಲದಲ್ಲೇ ವಿಯೆಟ್ನಾಮಿನ ಭತ್ತದ ಗದ್ದೇಲಿ ಸತ್ತ ಅಮೆರಿಕದ ಸಿಪಾಯಿ ಅವನು."

"ನಿನಗೆ ಯಾರು ಹೇಳಿದರು?"

"ನಮ್ಮ ಮೇಷ್ಟ್ರು ದಿನಾ ದೋಣೀಲಿ ಪೇಪರು ಓದ್ತಾರೆ, ಹಳೇದು ಹೊಸದು ಎಲ್ಲ ಹೇಳ್ತಾರೆ. ರಾಜಕುಮಾರರು ಮಾತ್ರ ತಾವು ಬಂದ ದಿನ ಗಲಾಟೆ ಅಂತ ಅವರ ಬಾಯಿ ಮುಚ್ಚಿಸಿದ್ರು."

ರಾಜ ಸಿಂಹಾಸನದ ಅಂಚಿನಿಂದ ಮುಂದಕ್ಕೆ ಬಾಗಿದ. ಆಮೇಲೆ ದನಿ ತಗ್ಗಿಸಿ ಮೂರನೆಯದನ್ನು ಕೇಳಿದ. "ಒಬ್ಬ ಹೆಂಗಸು ಕೂತಲ್ಲಿಂದ ಏಳಲಿಲ್ಲ. ಅದಕ್ಕೆ ಅವಳ ಜನ ವರ್ಷಕ್ಕೂ ಮೇಲೆ ನಡೆದರು. ನಿಜವಾಗಿ ಏಳಬೇಕಾದವರು ಯಾರು?"

"ಅದು ಬಸ್ಸಿನ ಕತೆ, ಬುದ್ಧಿ. ಬಿಳಿಯರಿಗೆ ಜಾಗ ಬಿಡು ಅಂದ್ರು, ಆ ಕರಿಯ ಹೆಣ್ಣುಮಗಳು ಬಿಡಲಿಲ್ಲ. ಹಿಡಕೊಂಡು ಹೋದ್ರು. ಅವಳ ಜನ ಬಸ್ಸು ಹತ್ತೋದೇ ಬಿಟ್ಟು ನಡೆದ್ರು, ಕೊನೆಗೆ ಆ ಕಟ್ಟಳೆಯೇ ಬಿತ್ತು."

"ಏಳಬೇಕಾದವರು ಯಾರು ಅಂತ ಕೇಳಿದೆ."

ಕೊಡಲಿಯವನು ಒಂದು ಹೆಜ್ಜೆ ಮುಂದೆ ಬಂದ. ಇದನ್ನು ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ. ಮುದ್ದನ ಕಣ್ಣಿಗೆ ಬುಟ್ಟಿ ಹೊತ್ತು ಓಲಾಡುತ್ತಿದ್ದ ಸಂಕವ್ವ ಕಂಡಳು. ನಾಚಿಕೆಯಿಂದ ಅವನ ತಲೆ ತಗ್ಗಿತು.

"ಬಸ್ಸು ಓಡಿಸೋನು, ಬುದ್ಧಿ. 'ಏಳು' ಅನ್ನೋ ಬದಲು ಅವನೇ ಎದ್ದು ಹೋಗಬೇಕಿತ್ತು. ನಾನೂ ಅಂಥೋನೇ. ನಮ್ಮ ಸಂಕವ್ವನ್ನ ಎಬ್ಬಿಸಿದ್ದೀನಿ. ತಲೆ ತೆಗೀತೀರಾ, ಅದಕ್ಕೇ ತೆಗೀರಿ."

"ಅರ್ಧ ಹೇಳಿದೆ," ಎಂದ ರಾಜ. "ಉಳಿದರ್ಧ ನನ್ನದು. ಆ ಹೆಂಗಸು ಏಳದೆ ಕೂತದ್ದಕ್ಕಿಂತ ಎರಡು ವರ್ಷ ಮೊದಲು ನಾನು ಅಂಥದೇ ಒಂದು ಬಸ್ಸು ಹತ್ತಿದ್ದೆ. ನನ್ನ ರುಮಾಲು ನೋಡಿ ಯಾವುದೋ ದೇಶದ ರಾಜ ಅಂತ ಒಬ್ಬ ಕರಿಯ ಬಸುರಿಯನ್ನು ಎಬ್ಬಿಸಿದರು. ಬೇಡ ಅನ್ನಬಹುದಿತ್ತು. ನಾನು ಕೂತೆ ಕಣಪ್ಪ! ಅವತ್ತಿನಿಂದ ಯಾವ ಪೀಠವೂ ನನಗೆ ತಣ್ಣಗಿಲ್ಲ." ಹಾಗೆಂದವನು ಸಿಂಹಾಸನ ಬಿಟ್ಟು ಎದ್ದ. "ಬಾ, ಇದು ನಿನ್ನದು."

"ಆಗಲಿ ಬುದ್ಧಿ. ಮೊದಲು ಆ ಇಬ್ಬರನ್ನ ಬಿಡಿ. ಇರೋ ತಪ್ಪೇ ಸಾಕು, ಇನ್ನೆರಡು ತಲೆ ಯಾಕೆ ಸೇರಿಸ್ತೀರಿ?"

ರಾಜ ಮುಖ ಮುಚ್ಚಿಕೊಂಡು ಹೂಂ ಎಂದ. ಸೆರೆಮನೆಯ ಬಾಗಿಲು ತೆರೆಯಿತು.

ಅಂದೇ ಮುದ್ದ ಅವರಿಬ್ಬರನ್ನೂ ಮುದುಕ ರಾಜನನ್ನೂ ಕೂರಿಸಿಕೊಂಡು ದಡಕ್ಕೆ ಬಂದ. ಅಲ್ಲಿ ಸಂಕವ್ವ ದೋಣಿಗೆ ಕಾಯುತ್ತಿದ್ದಳು. ಯಾರೂ ಹೇಳದೆಯೇ ಮೂವರೂ ಮುಂದಿನ ಹಲಗೆ ಬಿಟ್ಟು ಎದ್ದರು.

"ಹತ್ತವ್ವ. ಅರಮನೆಗೆ ತಾನೇ? ಮುಂದೆ ಕೂತ್ಕೋ," ಎಂದ ಹೊಸ ರಾಜ.

ಅವಳು ದೋಣಿ ಹತ್ತಿ, ಬುಟ್ಟಿ ಇಳಿಸದೆ ಹಿಂದೆ ಹೋಗಿ ನಿಂತಳು.

"ಬ್ಯಾಡ ಕಣಪ್ಪ. ಕೂತ್ಮೇಲೆ ನೀನು ಮತ್ತೆ ಏಳು ಅಂತೀಯ. ಮಂಡಿ ನೋವು, ಏಳಕ್ಕಾಗಕ್ಕಿಲ್ಲ. ನಿಂತಿರೋದೇ ವಾಸಿ."

ಸಿಂಹಾಸನ ಗೆದ್ದವನು ಹುಟ್ಟು ಕೆಳಗಿಟ್ಟು ಅವಳ ತಲೆಯ ಮೇಲಿನ ಬುಟ್ಟಿಗೆ ಕೈ ಚಾಚಿದ. ಅವಳು ಬಿಡಲಿಲ್ಲ. ಅವನೂ ಕೈ ತೆಗೆಯಲಿಲ್ಲ. ಆ ದಿನ ದೋಣಿ ದಡ ಬಿಡುವುದು ಬಹಳ ತಡವಾಯಿತು.